ಆಫ್ ಆಗದ ಟಿವಿ: ಕಾದಂಬರಿಯ ಸರಕಾರಗಳು ಜನರನ್ನು ಹಿಡಿದಿಡುವುದು ಹೇಗೆ?

ಗುಡ್ಡೆಮನೆ (ಭಾನುವಾರ, ರಾತ್ರಿ 9:10)

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ವಾಚನಾಲಯ ಇದೆ. ಇವತ್ತು ಸಂಜೆ ಅಲ್ಲಿ ಜಾರ್ಜ್ ಆರ್ವೆಲ್‌ನ ‘1984’ ಬಗ್ಗೆ ಮಾತಾಡಲು ಸೇರಿದ್ದೆವು. ಜನರ ಬದುಕನ್ನೆಲ್ಲ ಹಿಡಿತದಲ್ಲಿಟ್ಟ ಒಂದು ಸರಕಾರದ ಕತೆ ಹೇಳುವ ಕಾದಂಬರಿ ಅದು. ಓದಿ ಬಂದವರು ಏಳು ಜನ, ಓದದೆ ಬಂದವರು ಇಬ್ಬರು. ಜಾಸ್ತಿ ಮಾತಾಡಿದ್ದು ಆ ಇಬ್ಬರೇ. ಆರು ಗಂಟೆಗೆ ಗುಡುಗು ಶುರುವಾಯಿತು, ಕರೆಂಟು ಹೋಯಿತು. ಮೊಬೈಲ್ ಟಾರ್ಚಿನಲ್ಲಿ ಹತ್ತು ನಿಮಿಷ ಜಗಳ ಮುಂದುವರಿಸಿ, ಕೊಡೆ ಬಿಡಿಸಿ ಮನೆಗೆ ಬಂದೆವು. ಉಳಿದದ್ದು ಇಲ್ಲಿ ಆಗಲಿ.

ಪ್ರಶ್ನೆ ಇಷ್ಟೇ. ಇಂಥ ಕಾದಂಬರಿಗಳಲ್ಲಿ ಸರಕಾರ ಅಷ್ಟು ಜನರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? ಪೊಲೀಸರು ಎಷ್ಟೇ ಇರಲಿ, ಜನರಿಗಿಂತ ಕಡಿಮೆಯೇ ಅಲ್ವಾ?

ನನ್ನ ತಲೆಯಲ್ಲಿ ಕೂತದ್ದು ಒಂದು ಸ್ವಿಚ್ಚು. ಆ ಕಾದಂಬರಿಯ ನಾಯಕ ವಿನ್‌ಸ್ಟನ್‌ನ ಮನೆಗೋಡೆಯಲ್ಲಿ ಟೆಲಿಸ್ಕ್ರೀನ್ ಅನ್ನುವ ಟಿವಿ ಇದೆ. ಅದು ನಮಗೆ ತೋರಿಸುತ್ತದೆ, ನಮ್ಮನ್ನು ನೋಡುತ್ತದೆ ಕೂಡ. ಶಬ್ದ ಕಡಿಮೆ ಮಾಡಬಹುದು, ಆಫ್ ಮಾಡಲು ಆಗುವುದಿಲ್ಲ. ಈಗ ಈ ಕ್ಷಣ ಯಾರಾದರೂ ಆ ಕಡೆ ಕೂತು ನೋಡುತ್ತಿದ್ದಾರಾ? ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಮನುಷ್ಯ ಒಬ್ಬನೇ ಇದ್ದಾಗಲೂ ಮುಖ ಸರಿಮಾಡಿಕೊಂಡು ಕೂರುತ್ತಾನೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಆದರೆ ಮುಂದೆ ಒಂದು ದಿನ ಅವನು ದೊಡ್ಡ ಅಧಿಕಾರಿ ಓಬ್ರಿಯನ್‌ನ ಮನೆಗೆ ಹೋಗುತ್ತಾನೆ. ಓಬ್ರಿಯನ್ ಮೆಲ್ಲ ಹೋಗಿ ಗೋಡೆಯ ಸ್ವಿಚ್ಚು ಒತ್ತುತ್ತಾನೆ. ಶಬ್ದ ನಿಲ್ಲುತ್ತದೆ. ವಿನ್‌ಸ್ಟನ್ ಹೋದದ್ದು ಜೀವ ಒತ್ತೆಯಿಟ್ಟು ಪಿತೂರಿ ಮಾತಾಡಲು, ಆದರೆ ಬಾಯಿಂದ ಬರುವುದು ‘ಅರೆ, ಆಫ್ ಆಗುತ್ತದಾ!’ ಅನ್ನುವಂಥ ಮಾತು.

ಕೊನೆಯಲ್ಲಿ ಅವನನ್ನು ಹೆದರಿಸಲು ತರುವ ಇಲಿಗಳಿಗಿಂತ ನನಗೆ ಈ ಸ್ವಿಚ್ಚೇ ಜಾಸ್ತಿ ಹೆದರಿಕೆ ಹುಟ್ಟಿಸಿತು. ನಿಮಗೆ?

ಸೋಗೆಮಾಡು (ರಾತ್ರಿ 9:32)

ಓದದೆ ಬಂದ ಇಬ್ಬರಲ್ಲಿ ನಾನೊಬ್ಬ. ಹೇಳಲೇಬೇಕಿತ್ತಾ?

ಸ್ವಿಚ್ಚು, ಟಿವಿ ಎಲ್ಲ ಆಮೇಲೆ. ಮೊದಲು ಹೊಡೆತ. ಹೊಡೆತ ಇಲ್ಲದೆ ಇದ್ಯಾವುದೂ ನಡೆಯುವುದಿಲ್ಲ. ನಮ್ಮ ತೋಟದ ಸುತ್ತ ಸೋಲಾರ್ ಬೇಲಿ ಇದೆ. ಹಾಕಿದ ಹೊಸದರಲ್ಲಿ ನಮ್ಮದೇ ದನ ಮೂತಿ ತಾಗಿಸಿ ಎರಡು ಸಲ ಶಾಕ್ ತಿಂದಿತು. ಈಗ ಬ್ಯಾಟರಿ ಹಾಳಾಗಿ ಒಂದೂವರೆ ತಿಂಗಳಾಯಿತು. ತಂತಿಯಲ್ಲಿ ಏನೂ ಇಲ್ಲ, ನಾನು ಅದರ ಮೇಲೆ ಟವಲು ಒಣಗಿಸುತ್ತೇನೆ. ದನ ಇವತ್ತಿಗೂ ಮೂರಡಿ ದೂರ ನಿಂತೇ ಹುಲ್ಲು ಮೇಯುವುದು.

ಹಂದಿಗಳಿಗೆ ಮಾತ್ರ ಬ್ಯಾಟರಿ ಹೋದದ್ದು ಮರುದಿನವೇ ಗೊತ್ತಾಗಿದೆ. ಅದು ಬೇರೆ ಕತೆ.

ಮತ್ತೆ, ಕಣ್ಗಾವಲು ಅಂತ ಅಷ್ಟೆಲ್ಲ ಹೇಳುತ್ತೀರಿ. ನಮ್ಮ ವಾಚನಾಲಯದ ರಿಜಿಸ್ಟರ್ ಏನು ಕಡಿಮೆಯಾ? ಯಾರು ಯಾವ ದಿನ ಯಾವ ಪುಸ್ತಕ ಕೊಂಡುಹೋದರು ಅಂತ 50 ವರ್ಷದ್ದು ಕಪಾಟಿನಲ್ಲಿ ಇದೆ. ಸಹಿ ಸಮೇತ.

ನಿವೃತ್ತ ಮಾಷ್ಟ್ರು (ರಾತ್ರಿ 10:05)

ದನದ ಉದಾಹರಣೆ ಚೆನ್ನಾಗಿದೆ. ಆದರೆ ದನಕ್ಕೆ ಭಾಷೆ ಇಲ್ಲ. ಮನುಷ್ಯನಿಗೆ ಬೇಲಿ ಹಾಕುವುದು ಮಾತಿನ ಒಳಗೆ.

ವ್ಯಾಕರಣ ಕಲಿಸಿಯೇ ಸಂಬಳ ತಿಂದವನು ನಾನು. ಹಾಗಾಗಿ ಆ ಪುಸ್ತಕದಲ್ಲಿ ನನ್ನನ್ನು ಹಿಡಿದದ್ದು ಸೈಮ್ ಅನ್ನುವ ಪಾತ್ರ. ಕ್ಯಾಂಟೀನಿನಲ್ಲಿ ಕೂತು ಅವನು ಖುಷಿಯಿಂದ ಹೇಳುತ್ತಾನೆ, ನಾವು ಸರಕಾರದ ‘ಹೊಸ ಮಾತು’ ಅನ್ನುವ ಭಾಷೆಯ ನಿಘಂಟಿನ 11ನೇ ಆವೃತ್ತಿ ಮಾಡುತ್ತಿದ್ದೇವೆ ಅಂತ. ಪದ ಸೇರಿಸುವ ಕೆಲಸ ಅಲ್ಲ, ಕಡಿಯುವ ಕೆಲಸ. ‘ಒಳ್ಳೆ’ ಇದ್ದರೆ ‘ಕೆಟ್ಟ’ ಯಾಕೆ, ‘ಅ-ಒಳ್ಳೆ’ ಸಾಕು ಅನ್ನುವ ಹಾಗೆ. ‘ಬಿಡುಗಡೆ’ ಅನ್ನುವ ಪದ ಇರುತ್ತದೆ, ಆದರೆ ನಾಯಿಗೆ ಹೇನಿನಿಂದ ಬಿಡುಗಡೆ ಆಯಿತು ಅನ್ನುವಷ್ಟಕ್ಕೆ ಮಾತ್ರ. ಮನುಷ್ಯನಿಗೆ ಬಿಡುಗಡೆ ಅಂತ ಹೇಳಲು ಹೊರಟರೆ ವಾಕ್ಯವೇ ಕೂಡಿಬರುವುದಿಲ್ಲ. ಪೊಲೀಸರು ಬೇಕಾಗಿಯೇ ಇಲ್ಲ.

ಕೊನೆಗೆ ಸೈಮ್‌ನೇ ಮಾಯ. ಹೇಗೆ ಗೊತ್ತಾಗುತ್ತದೆ ನೋಡಿ. ಚೆಸ್ ಸಮಿತಿಯ ಪಟ್ಟಿ ಗೋಡೆಯಲ್ಲಿ ತೂಗುತ್ತಿದೆ. ಎಲ್ಲೂ ಗೀಟು ಹಾಕಿಲ್ಲ, ಅಳಿಸಿಲ್ಲ. ಪಟ್ಟಿ ಒಂದು ಹೆಸರಿನಷ್ಟು ಗಿಡ್ಡ ಆಗಿದೆ, ಅಷ್ಟೆ.

ಈಗ ನಮ್ಮ ಊರಿಗೆ ಬನ್ನಿ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ನಾವು ಅದನ್ನು ವಿಷ ಅಂತ ಕರೆದೆವಾ? ಇಲ್ಲ. ‘ಇವತ್ತು ಮದ್ದು ಬಿಡುತ್ತಾರೆ’ ಅಂದೆವು. ಅಡಿಕೆಗೆ ಬೋರ್ಡೋ ದ್ರಾವಣ ಬಿಟ್ಟರೂ ಮದ್ದು, ಮಗುವಿನ ಜ್ವರಕ್ಕೆ ಕೊಟ್ಟರೂ ಮದ್ದು. ಹೆಲಿಕಾಪ್ಟರ್ ಬಂತು ಅಂದರೆ ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದರು. ಹಾಗೆ ಕೈ ಬೀಸಿದ ಕೆಲವರು ನನ್ನ ಕ್ಲಾಸಿನಲ್ಲೇ ಇದ್ದರು. ಮೊದಮೊದಲು ನಾನೂ ಅವರ ಜೊತೆ ಮೇಲೆ ನೋಡಿದವನೇ. ‘ವಿಷ’ ಅನ್ನುವ ಪದ ನಮ್ಮ ಬಾಯಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರಲ್ಲಿ.

‘ಮದ್ದು’ ಅನ್ನುವ ಪದವನ್ನು ಯಾವ ಮಂತ್ರಿಯೂ ನಮಗೆ ಕಲಿಸಲಿಲ್ಲ. ನನ್ನನ್ನು ಕಾಡುವುದು ಅದೇ. ನಾವೇ ಇಟ್ಟದ್ದು.

ಇನ್ನು ಊರಿನ ಹೆಸರುಗಳ ವಿಷಯ. 2021ರಲ್ಲಿ ಆದ ಗಲಾಟೆ ನೆನಪಿರಬಹುದು. ಕೇರಳ ಸರಕಾರ ನಮ್ಮ ಕನ್ನಡ, ತುಳು ಊರುಗಳ ಹೆಸರನ್ನು ಮಲಯಾಳ ಮಾಡುತ್ತದೆ ಅಂತ ಸುದ್ದಿ ಹಬ್ಬಿತ್ತು. ಮಧೂರು ‘ಮಧುರಂ’, ಕಾರಡ್ಕ ‘ಕಾಡಗಂ’, ಪಿಲಿಕುಂಜೆ ‘ಪುಲಿಕುನ್ನು’ ಆಗುತ್ತದೆ ಅಂತ. ಹೆಸರು ಬದಲಾಯಿಸಿದರೆ ನೆನಪೂ ಬದಲಾಗುತ್ತದೆ ಅಂತ ಆರ್ವೆಲ್‌ಗೆ ಗೊತ್ತಿತ್ತು.

ಚಂದ್ರಗಿರಿ ದಂಡೆ (ರಾತ್ರಿ 10:20)

ಮಾಷ್ಟ್ರೇ, ಎಂಡೋಸಲ್ಫಾನ್ ಮಾತಿಗೆ ಕೈ ಮುಗಿದೆ. ಊರಿನ ಹೆಸರಿನ ಮಾತು ಮಾತ್ರ ಒಪ್ಪಲಾರೆ.

ನನ್ನದು ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ನಮ್ಮ ಅಜ್ಜಿ ಹುಟ್ಟಿದಾಗಿನಿಂದ ಪುಲಿಕುನ್ನು ಅಂತಲೇ ಹೇಳುತ್ತಿದ್ದದ್ದು. ಅವರನ್ನು ಯಾವ ಸಚಿವಾಲಯವೂ ಕೂರಿಸಿ ಕಲಿಸಿಲ್ಲ. ತುಳುವಿನ ಪಿಲಿಯೂ ಹುಲಿ, ಮಲಯಾಳದ ಪುಲಿಯೂ ಹುಲಿ. ಹುಲಿ ಎಲ್ಲೂ ಹೋಗಿಲ್ಲ.

ಆ ಗಲಾಟೆ ಆದಾಗ ಏನಾಯಿತು? ಪೇಪರಿನಲ್ಲಿ ಬಂತು, ಕರ್ನಾಟಕದಿಂದ ಪತ್ರ ಬಂತು, ಚಾದ ಅಂಗಡಿಯಲ್ಲಿ ನಾವು ಗಂಟಲು ಹರಿದುಕೊಂಡೆವು. ವಿನ್‌ಸ್ಟನ್‌ನ ಊರಿನಲ್ಲಿ ಹೆಸರು ಬದಲಾದರೆ, ಮೊದಲು ಬೇರೆ ಹೆಸರಿತ್ತು ಅಂತ ಹೇಳುವವನೇ ಮರುದಿನ ಇರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮಗೆ ಬೇಸರ ಆದದ್ದೆಲ್ಲ ಡಿಸ್ಟೋಪಿಯ (ಇಂಥ ಕಾದಂಬರಿಗಳ ಕೆಟ್ಟ ಕನಸಿನ ಲೋಕ) ಆದರೆ, ಆ ಪದಕ್ಕೂ ಬೆಲೆ ಇರುವುದಿಲ್ಲ.

ನಿವೃತ್ತ ಮಾಷ್ಟ್ರು (ರಾತ್ರಿ 10:24)

ಹುಲಿ ಇದೆ. ಬೋರ್ಡಿನಲ್ಲಿ ತುಳು ಇಲ್ಲ.

ಆದರೆ ನಿಮ್ಮ ಕೊನೆಯ ಮಾತು ಸರಿ. ತಕ್ಕಡಿಯಿಂದ ತೆಗೆದೆ.

ತವರು ಪೆರ್ಲ (ರಾತ್ರಿ 11:15)

ಮಕ್ಕಳು ಮಲಗಿದ ಮೇಲೆ ಈಗ ಓದಿದೆ. ಎಲ್ಲರೂ ಒಂದೇ ಪುಸ್ತಕದ ಸುತ್ತ ತಿರುಗುತ್ತಿದ್ದೀರಿ. ಆ ಪುಸ್ತಕದಲ್ಲಿ ಹೆಂಗಸರಿಗೆ ಸಿಕ್ಕಿದ ಜಾಗ ಎಷ್ಟು ಅಂತ ಯಾರೂ ಕೇಳಲಿಲ್ಲ.

ನಾನು ಎಂ.ಎ.ಗೆ ಓದಿದ್ದು ಮಾರ್ಗರೆಟ್ ಆಟ್‌ವುಡ್‌ನ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’, 1985ರದ್ದು. ಚರಿತ್ರೆಯಲ್ಲಿ ಎಲ್ಲಾದರೂ ಒಮ್ಮೆ ನಡೆಯದ್ದನ್ನು ಅದರಲ್ಲಿ ಹಾಕಿಲ್ಲ ಅಂತ ಅವರೇ ಹೇಳಿದ್ದಾರೆ. ಅಲ್ಲಿ ಶುರುವಾಗುವುದು ಲಾಠಿಯಿಂದ ಅಲ್ಲ. ಒಂದು ಬೆಳಿಗ್ಗೆ ನಾಯಕಿ ಸಿಗರೇಟು ಕೊಳ್ಳಲು ಅಂಗಡಿಗೆ ಹೋಗುತ್ತಾಳೆ, ಅವಳ ಕಾರ್ಡು ತೆಗೆದುಕೊಳ್ಳುವುದಿಲ್ಲ. ನಂಬರು ತಪ್ಪಿರಬೇಕು ಅಂದುಕೊಳ್ಳುತ್ತಾಳೆ. ಅದೇ ದಿನ ಆಫೀಸಿನಲ್ಲಿ ಹೆಂಗಸರನ್ನೆಲ್ಲ ಕೆಲಸದಿಂದ ಕಳಿಸುತ್ತಾರೆ. ಸಂಜೆ ಗೊತ್ತಾಗುತ್ತದೆ, ಹೆಂಗಸರ ಖಾತೆಗಳಿಗೆ ಬೀಗ ಬಿದ್ದಿದೆ, ದುಡ್ಡು ಗಂಡನೋ ಹತ್ತಿರದ ಗಂಡಸೋ ತೆಗೆಯಬಹುದು ಅಂತ. ಗಂಡ ಒಳ್ಳೆಯವನು. ನಾನಿದ್ದೇನೆ ಅಲ್ವಾ, ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಆ ಸಮಾಧಾನದ ಮಾತಿನಲ್ಲೇ ಅವಳಿಗೆ ಏನೋ ಚುಚ್ಚುತ್ತದೆ. ಇವನಿಗೆ ಇದು ಅಷ್ಟೇನೂ ಬೇಸರ ಆಗಿಲ್ಲವಲ್ಲ ಅಂತ.

ಅದನ್ನು ಓದುವಾಗ ನನಗೆ ಕಂಡದ್ದು ನಮ್ಮ ಅಜ್ಜಿಯ ಹೆಬ್ಬೆಟ್ಟು.

ಅಜ್ಜಿ ಸಣ್ಣಂದಿನಿಂದ ಗೇರುಬೀಜ ಸುಲಿದವರು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಬೆರಳ ತುದಿ ಸುಟ್ಟು ನುಣ್ಣಗಾಗಿದೆ. ರೇಶನ್ ಅಂಗಡಿಯ ಮಿಷನಿಗೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ. ಸೆರಗಿಗೆ ಉಜ್ಜುತ್ತಾರೆ, ಉಫ್ ಅಂತ ಊದುತ್ತಾರೆ, ಪುನಃ ಒತ್ತುತ್ತಾರೆ. ಪುನಃ ಕೆಂಪು. ಹಿಂದೆ ಕ್ಯೂನಲ್ಲಿ ನಿಂತವರು ಪಾಪ ಏನೂ ಹೇಳುವುದಿಲ್ಲ, ಬರೇ ಕಾಲು ಬದಲಾಯಿಸುತ್ತಾರೆ. ಅಂಗಡಿಯವರು 30 ವರ್ಷದಿಂದ ಅಜ್ಜಿಯ ಗುರುತಿನವರು, ಮನೆಗೆ ಮದುವೆ ಕಾಗದ ಕೊಟ್ಟವರು. ಅವರು ಹೇಳುತ್ತಾರೆ, ‘ನನಗೆ ನಿಮ್ಮ ಗುರುತುಂಟು ಅಮ್ಮ, ಇದಕ್ಕೆ ಇಲ್ಲ.’

ಒಂದು ಕಾಲದಲ್ಲಿ ಅಕ್ಷರ ಬಾರದವರಿಗೆ ‘ಹೆಬ್ಬೆಟ್ಟು’ ಅಂತ ತಮಾಷೆ ಮಾಡುತ್ತಿದ್ದರು. ಈಗ ಎಂ.ಎ. ಮಾಡಿದ ನಾನೂ ಹೆಬ್ಬೆಟ್ಟೇ.

ಸೋಗೆಮಾಡು (ರಾತ್ರಿ 11:21)

ಅಕ್ಕಾ, ಅದು ಮಿಷನಿನ ತೊಂದರೆ, ದಬ್ಬಾಳಿಕೆ ಅಲ್ಲ. ಬೆರಳು ಹಿಡಿಯದಿದ್ದರೆ ಒಟಿಪಿ ಉಂಟಲ್ಲ?

ತವರು ಪೆರ್ಲ (ರಾತ್ರಿ 11:26)

ಉಂಟು. ಒಟಿಪಿ ಹೋಗುವುದು ಮಾವನ ಫೋನಿಗೆ. ಮಾವ ಇರುವುದು ಶಾರ್ಜಾದಲ್ಲಿ. ಅವರು ಡ್ಯೂಟಿಯಲ್ಲಿದ್ದರೆ ಫೋನು ಲಾಕರಿನಲ್ಲಿ. ಅಜ್ಜಿ ಕಲ್ಲಿನ ಮೇಲೆ ಕೂತು ಕಾಯುವುದು.

ದಬ್ಬಾಳಿಕೆ ಅಂತ ನಾನೂ ಹೇಳಲಿಲ್ಲ. ಅಕ್ಕಿ ಕೊಟ್ಟೇ ಕೊಡುತ್ತಾರೆ, ಇವತ್ತಲ್ಲದಿದ್ದರೆ ನಾಳೆ. ಆದರೆ ಬೀಗ ಹೇಗಿರುತ್ತದೆ ಅಂತ ನೋಡಿದೆ. ಕಾದಂಬರಿಯ ಸರಕಾರಕ್ಕೆ ಹೊಸ ಬೀಗ ಮಾಡಬೇಕಾಗಿ ಬರಲಿಲ್ಲ. ಎಲ್ಲವೂ ಒಂದೇ ಕಾರ್ಡಿನಲ್ಲಿತ್ತು. ಕೀ ತಿರುಗಿಸಿದರೆ ಆಯಿತು.

ಮರಳುಗಾಡಿನ ಕನ್ನಡಿಗ (ಸೋಮವಾರ, ಬೆಳಿಗ್ಗೆ 6:50)

ಆ ಮಾವ ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನೂ ಕುಂಬಳೆಯವನು, ಇರುವುದು ಗಲ್ಫಿನಲ್ಲಿ. ನೈಟ್ ಶಿಫ್ಟು ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ನೀವೆಲ್ಲ ಹೆದರಿಕೆಯ ಬಗ್ಗೆ ಹೇಳಿದಿರಿ. ನನಗೆ ಸುಖದ ಬಗ್ಗೆ ಹೇಳಬೇಕು. ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ 1932ರದ್ದು, ಆರ್ವೆಲ್‌ಗಿಂತ 17 ವರ್ಷ ಮೊದಲು. ಅಲ್ಲಿ ಯಾರಿಗೂ ಹೊಡೆಯುವುದಿಲ್ಲ. ಬೇಜಾರಾದರೆ ಸೋಮ ಅನ್ನುವ ಮಾತ್ರೆ. ನಮ್ಮ ವೇದದ ಸೋಮದ ಹೆಸರೇ. ನಿದ್ದೆಯಲ್ಲಿ ಕಿವಿಗೆ ಪಾಠ. ಮಕ್ಕಳು ಹುಟ್ಟುವುದು ಬಾಟಲಿಯಲ್ಲಿ, ಒಂದೇ ಭ್ರೂಣದಿಂದ 96ರವರೆಗೆ ಒಂದೇ ಮುಖದವರು. ಯಾರು ಯಾವ ಕೆಲಸಕ್ಕೆ ಅಂತ ಅಲ್ಲೇ ತೀರ್ಮಾನ. ನಮ್ಮ ದೇಶದವರಿಗೆ ಆ ಭಾಗ ಬಿಡಿಸಿ ಹೇಳಬೇಕಾಗಿಲ್ಲ.

ಅದರಲ್ಲಿ ಒಂದು ಜಾಗ ಮರೆಯಲು ಆಗುವುದಿಲ್ಲ. ಎಂಟು ತಿಂಗಳ ಕೂಸುಗಳು. ಎದುರಿಗೆ ಬಣ್ಣದ ಪುಸ್ತಕ, ಗುಲಾಬಿ ಹೂ ಇಡುತ್ತಾರೆ. ಕೂಸುಗಳು ನಗುತ್ತಾ ಅಂಬೆಗಾಲಿಟ್ಟು ಹೋಗಿ ಮುಟ್ಟುತ್ತವೆ. ಆಗ ಸೈರನ್ನು ಕೂಗುತ್ತದೆ, ನೆಲದಲ್ಲಿ ಕರೆಂಟು ಹೊಡೆಯುತ್ತದೆ. ಸೋಗೆಮಾಡು ಅಣ್ಣನ ದನದ ಹಾಗೆಯೇ. ಪುಸ್ತಕದ ಮೇಲೆ ದ್ವೇಷ ಬರಲಿ ಅಂತ ಮಾಡಿದರೆ ಅರ್ಥ ಆಗುತ್ತದೆ. ಹೂವಿನ ಮೇಲೆ ಯಾಕೆ? ಯಾಕೆಂದರೆ ಹೂ ನೋಡಿ ಖುಷಿಪಡುವವನಿಂದ ಯಾವ ಫ್ಯಾಕ್ಟರಿಗೂ ಲಾಭ ಇಲ್ಲ. ನೋಡಲು ದುಡ್ಡು ಕೊಡಬೇಕಾಗಿಲ್ಲವಲ್ಲ.

ನಮ್ಮ ರೂಮಿನಲ್ಲಿ ಆರು ಜನ. ಎರಡರ ಮೇಲೆ ಎರಡರಂತೆ ಮೂರು ಮಂಚ. ಶಿಫ್ಟು ಮುಗಿಸಿ ಬಂದರೆ ಆರೂ ಜನರ ಮುಖದ ಮೇಲೆ ನೀಲಿ ಬೆಳಕು. ಮೊದಲು ಇಸ್ಪೀಟಿತ್ತು, ಜಗಳ ಇತ್ತು, ಒಬ್ಬ ಯಕ್ಷಗಾನದ ಪದ ಹೇಳುತ್ತಿದ್ದ. ಈಗ ರೀಲ್ಸ್. ಯಾರೂ ನಮ್ಮನ್ನು ಹಾಗೆ ಇರಿ ಅಂತ ಹೇಳಿಲ್ಲ. ನನಗೂ ಅದೇ ಬೇಕು ಆ ಹೊತ್ತಿಗೆ, ಸುಳ್ಳು ಯಾಕೆ ಹೇಳಲಿ.

ರೇ ಬ್ರ್ಯಾಡ್‌ಬರಿಯ ‘ಫ್ಯಾರನ್‌ಹೀಟ್ 451’ರಲ್ಲಿ (1953) ಬೆಂಕಿ ಹಚ್ಚುವವರ ಕ್ಯಾಪ್ಟನ್ನೇ ಹೇಳುತ್ತಾನೆ, ಪುಸ್ತಕ ಸುಡು ಅಂತ ಮೊದಲು ಮೇಲಿನಿಂದ ಆಜ್ಞೆ ಬರಲಿಲ್ಲ, ಜನರೇ ಓದುವುದು ಬಿಟ್ಟರು ಅಂತ. ನಾಯಕನ ಹೆಂಡತಿಗೆ ಮೂರು ಗೋಡೆಯಷ್ಟು ಟಿವಿ ಸಾಲದು, ನಾಲ್ಕನೆಯದೂ ಬೇಕು. ಬೆಲೆ 2,000 ಡಾಲರ್, ಗಂಡನ ವರ್ಷದ ಸಂಬಳದ ಮೂರರಲ್ಲಿ ಒಂದು. ಗುಡ್ಡೆಮನೆಯವರೇ, ಆಫ್ ಆಗದ ಟಿವಿ ಅಂದಿರಲ್ಲ. ಇಲ್ಲಿ ಸ್ವಿಚ್ಚು ಅವಳ ಕೈಯಲ್ಲೇ ಇದೆ. ಒತ್ತುವುದಿಲ್ಲ.

ಬಸ್ಟ್ಯಾಂಡು ಚಾ (ಬೆಳಿಗ್ಗೆ 8:15)

ಯಾರೂ ಲಾಟರಿ ಹೇಳಲಿಲ್ಲ! ‘1984’ರಲ್ಲಿ ಬಡಜನರು 100ಕ್ಕೆ 85 ಮಂದಿ. ಅವರ ಮನೆಯಲ್ಲಿ ಟೆಲಿಸ್ಕ್ರೀನ್ ಕೂಡ ಹೆಚ್ಚಾಗಿ ಇಲ್ಲ. ಅವರಿಗೆ ಬಿಯರು, ಫುಟ್‌ಬಾಲು, ಲಾಟರಿ ಸಾಕು ಅಂತ ಲೆಕ್ಕ. ಅಕ್ಷರ ಸರಿಯಾಗಿ ಬಾರದವರೂ ಲಾಟರಿ ನಂಬರಿನ ಲೆಕ್ಕದಲ್ಲಿ ಪಂಡಿತರು. ಸಣ್ಣಪುಟ್ಟ ಬಹುಮಾನ ಮಾತ್ರ ನಿಜ, ದೊಡ್ಡದು ಗೆದ್ದವರು ಅಂತ ಯಾರೂ ಇರುವುದೇ ಇಲ್ಲ.

ಕೇರಳ ಲಾಟರಿ 1967ರಲ್ಲಿ ಶುರುವಾದದ್ದು. ಇಲ್ಲಿ ಗೆದ್ದವರು ನಿಜವಾಗಿ ಇರುತ್ತಾರೆ, ಫೋಟೋ ಸಮೇತ. ಅದೇ ದೊಡ್ಡ ವ್ಯತ್ಯಾಸ. ನನ್ನ ಅಂಗಡಿಗೆ ಬರುವ ಒಬ್ಬರು ದಿನಾ ಒಂದು ಟಿಕೆಟು ತೆಗೆಯುತ್ತಾರೆ. ಹಳೆಯದನ್ನು ಬಿಸಾಡುವುದಿಲ್ಲ, ಎಲ್ಲ ಬೂಸ್ಟಿನ ಡಬ್ಬದಲ್ಲಿ ಇಟ್ಟಿದ್ದಾರೆ. ಯಾಕೆ ಅಂತ ಕೇಳಿದೆ. ‘ಇರಲಿ’ ಅಂದರು.

ಅಕ್ಕಲಕೋಟಿ ಓದುಗ (ಬೆಳಿಗ್ಗೆ 10:40)

ನಮಸ್ಕಾರ್ರಿ ಎಲ್ಲರಿಗೂ. ಸೊಲ್ಲಾಪುರ ಜಿಲ್ಲೆಯವನು, ನಿಮ್ಮ ಹಾಗೆ ಗಡಿಯ ಆ ಕಡೆ ಉಳಿದವನು. ನಮ್ಮಲ್ಲಿ ಬೋರ್ಡು ಮರಾಠಿ, ಬೈಗುಳ ಕನ್ನಡ.

ಎರಡು ಮಾತು. ಇವರೆಲ್ಲರಿಗೂ ಮೊದಲು ಬರೆದವನು ರಷ್ಯದ ಯೆವ್ಗೆನಿ ಜಮ್ಯಾಟಿನ್. ಅವನ ‘ವೀ’ 1924ರಲ್ಲಿ ಇಂಗ್ಲಿಷಿನಲ್ಲಿ ಬಂತು, ಅವನ ದೇಶದಲ್ಲೇ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಅದರಲ್ಲಿ ಮನೆಗಳೆಲ್ಲ ಗಾಜಿನವು. ಜನರಿಗೆ ಹೆಸರಿಲ್ಲ, ನಂಬರು. ಇಂತಿಷ್ಟು ಹೊತ್ತಿಗೆ ಏಳು, ಉಣ್ಣು, ನಡೆ ಅಂತ ಊರಿಗೆಲ್ಲ ಒಂದೇ ವೇಳಾಪಟ್ಟಿ. ಪರದೆ ಎಳೆಯಬೇಕೆಂದರೆ ಗುಲಾಬಿ ಬಣ್ಣದ ಚೀಟಿ ಬೇಕು, ಯಾವುದಕ್ಕೆ ಅಂತ ನೀವೇ ತಿಳಿದುಕೊಳ್ರಿ. ಮಜಾ ಅಂದರೆ, ನಾಯಕನಿಗೆ ಮೊದಮೊದಲು ಇದು ಜೈಲು ಅಂತ ಅನ್ನಿಸುವುದೇ ಇಲ್ಲ. ಎಷ್ಟು ಚಂದ, ಎಷ್ಟು ಸ್ವಚ್ಛ ಅಂತಲೇ ಬರೆಯುತ್ತಾ ಹೋಗುತ್ತಾನೆ. ನಾನು ವಠಾರದಲ್ಲಿ ಬೆಳೆದವನು. ಎದುರುಮನೆಯಲ್ಲಿ ಯಾವ ಪಲ್ಯ ಅಂತ ಒಗ್ಗರಣೆಗೇ ಗೊತ್ತಾಗುತ್ತಿತ್ತು. ನಮ್ಮ ಓಣಿಗೆ ಗಾಜು ಬೇಕಾಗಿರಲಿಲ್ರಿ.

ಇನ್ನೊಂದು, ಮಗಳು ಕೊಟ್ಟು ಓದಿಸಿದ್ದು, ‘ದಿ ಹಂಗರ್ ಗೇಮ್ಸ್’. ಸುಝೇನ್ ಕಾಲಿನ್ಸ್, 2008. ಮಕ್ಕಳ ಪುಸ್ತಕ ಅಂತ ಬದಿಗಿಟ್ಟಿದ್ದೆ, ತಪ್ಪು ಮಾಡಿದ್ದೆ. ಸಾಯುವ ಆಟಕ್ಕೆ ಮಕ್ಕಳ ಹೆಸರು ಚೀಟಿ ಎತ್ತುತ್ತಾರೆ. ಮೇಲ್ನೋಟಕ್ಕೆ ಎಲ್ಲರಿಗೂ ಸಮ. ಆದರೆ ಮನೆಯಲ್ಲಿ ಕಾಳಿಲ್ಲ ಅಂದರೆ, ಒಬ್ಬರಿಗೆ ವರ್ಷಕ್ಕೆ ಆಗುವಷ್ಟು ಕಾಳು, ಎಣ್ಣೆ ತೆಗೆದುಕೊಂಡು, ಅದಕ್ಕೆ ಬದಲಾಗಿ ನಿನ್ನ ಹೆಸರಿನ ಇನ್ನೊಂದು ಚೀಟಿ ಹಾಕಿಸಬಹುದು. ಹಾಕಿದ ಚೀಟಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. 16 ವರ್ಷದ ನಾಯಕಿಯದು 20 ಚೀಟಿ, ಗೆಳೆಯನದು 42. ಉಳ್ಳವರ ಮಕ್ಕಳದು ನಾಲ್ಕೋ ಐದೋ. ಬಡವರ ಸಿಟ್ಟು ರಾಜಧಾನಿಯ ಮೇಲೆ ಹೋಗುವ ಬದಲು ಪಕ್ಕದ ಮನೆಯ ಉಳ್ಳವರ ಮೇಲೆ ಹೋಗುತ್ತದೆ. ಒಂದು ಜಿಲ್ಲೆಯ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಬೆಳೆ ಬೆಳೆಯುವ ಜಿಲ್ಲೆಯವರಿಗೇ ಹೊಟ್ಟೆ ತುಂಬ ಊಟ ಇಲ್ಲ ಅಂತ ಅವಳಿಗೆ ತಿಳಿಯುವುದು ಆಟದ ಮೈದಾನದಲ್ಲಿ, ಕೊಲ್ಲಬೇಕಾದ ಹುಡುಗಿಯ ಬಾಯಿಂದ.

ಚಂದ್ರಗಿರಿ ದಂಡೆ (ಮಧ್ಯಾಹ್ನ 1:05)

ಜಿಲ್ಲೆಗಳ ನಡುವಿನ ಗೋಡೆ ಅಂದದ್ದಕ್ಕೆ ಒಂದು ನೆನಪು. 2020ರ ಮಾರ್ಚ್. ಕೊರೋನ. ಗಡಿಯ ರಸ್ತೆಗಳಿಗೆ ಕೆಂಪು ಮಣ್ಣು ಸುರಿದರು. ಆಸ್ಪತ್ರೆಗೆ ಅಂದರೆ ಮಂಗಳೂರು ಅಂತಲೇ ನಮ್ಮ ಅಭ್ಯಾಸ, ದಾರಿ ಬಂದ್. ದಾಟಲಾಗದೆ ಸತ್ತವರಿದ್ದಾರೆ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮ ತಂಗಿಯ ಮನೆ ಆ ರಾಶಿಯಿಂದ ಆಚೆ ಅರ್ಧ ಮೈಲಿ. ರಾಶಿಯ ಈಚೆ ನಿಂತು ಫೋನಿನಲ್ಲಿ ಮಾತಾಡಿದ್ದೇನೆ, ಅವಳು ಕೈ ಬೀಸುವುದು ಕಾಣುತ್ತಿತ್ತು.

ನಿನ್ನೆ ಎಲ್ಲವನ್ನೂ ಡಿಸ್ಟೋಪಿಯ ಅನ್ನಬೇಡಿ ಅಂದವನು ನಾನೇ. ಈಗಲೂ ಅನ್ನುವುದಿಲ್ಲ, ಕಾಯಿಲೆ ನಿಜವಾಗಿತ್ತು. ಆದರೆ ಮಣ್ಣಿನ ರಾಶಿ ಬೇಕು ಅಂತ ಆ ಕಡೆಯವರಲ್ಲೂ ಈ ಕಡೆಯವರಲ್ಲೂ ಎಷ್ಟು ಜನ ಒಪ್ಪಿದರು, ಎಷ್ಟು ಬೇಗ ಒಪ್ಪಿದರು, ಅದನ್ನು ಮರೆತಿಲ್ಲ.

ಗುಡ್ಡೆಮನೆ (ಸಂಜೆ 7:30)

ಆಫೀಸಿನಿಂದ ಈಗ ಬಂದೆ. ಎಲ್ಲ ಓದಿದ ಮೇಲೆ ನನ್ನ ಸ್ವಿಚ್ಚು ಸ್ವಲ್ಪ ಸಣ್ಣದಾಗಿ ಕಾಣುತ್ತಿದೆ.

ಬೇರೆ ಒಂದು ಹೇಳುತ್ತೇನೆ. ವಿನ್‌ಸ್ಟನ್ ಯಾರು? ನಾವು ಅವನನ್ನು ಬಲಿಪಶು ಅಂತಲೇ ಓದುತ್ತೇವೆ. ಅವನು ಗುಮಾಸ್ತ. ನನ್ನ ಹಾಗೆ. ಅವನ ಕೆಲಸವೇ ಹಳೆ ಪೇಪರಿನ ಸುದ್ದಿ ತಿದ್ದುವುದು. ಚಾಕೊಲೇಟು ರೇಶನ್ ಕಡಿಮೆ ಮಾಡುವುದಿಲ್ಲ ಅಂತ ಸರಕಾರ ಮಾತು ಕೊಟ್ಟಿತ್ತು. ಈಗ ಕಡಿಮೆ ಮಾಡುತ್ತಿದ್ದಾರೆ. ಹಾಗಾಗಿ ಹಳೆ ಪೇಪರಿನಲ್ಲೇ ‘ಕಡಿಮೆ ಆಗಬಹುದು’ ಅಂತ ಇತ್ತು ಅನ್ನುವ ಹಾಗೆ ಬದಲಾಯಿಸುವವನು ಇವನೇ. ಹಳೆಯದನ್ನು ಗೋಡೆಯ ತೂತಿಗೆ ಹಾಕಿದರೆ ಕೆಳಗೆ ಒಲೆ. ವಾರಕ್ಕೆ 30 ಗ್ರಾಂ ಇದ್ದದ್ದು 20 ಆಗುತ್ತದೆ. ಮರುದಿನ ಟೆಲಿಸ್ಕ್ರೀನಿನಲ್ಲಿ, 20 ಗ್ರಾಮಿಗೆ ಏರಿಸಿದ್ದಕ್ಕೆ ಜನ ಮೆರವಣಿಗೆ ಮಾಡಿ ಧನ್ಯವಾದ ಹೇಳಿದರು ಅಂತ ಸುದ್ದಿ. ಒಂದೇ ದಿನದಲ್ಲಿ ಇದನ್ನು ನುಂಗಿಬಿಟ್ಟರಾ ಅಂತ ವಿನ್‌ಸ್ಟನ್ ಬೆರಗಾಗುತ್ತಾನೆ. ಅಲ್ಲ ಮಾರಾಯ, ಅದಕ್ಕೆ ಕಾಗದ ತಯಾರು ಮಾಡಿದವನು ನೀನೇ ಅಲ್ವಾ!

ಅವನಿಗೆ ಬದುಕಿನಲ್ಲಿ ಜಾಸ್ತಿ ಖುಷಿ ಕೊಡುವುದು ಆ ಕೆಲಸವೇ ಅಂತ ಪುಸ್ತಕದಲ್ಲೇ ಇದೆ. ಇಲ್ಲದ ಒಬ್ಬ ವೀರನನ್ನು ಹುಟ್ಟಿಸಿ, ಅವನ ಬಾಲ್ಯ, ಸಾವು ಎಲ್ಲ ಬರೆದು ಮುಗಿಸಿದಾಗ ಅವನಿಗೆ ಆಗುವ ಸಮಾಧಾನ ಇದೆಯಲ್ಲ, ಅದು ನನಗೆ ಗುರುತು ಸಿಕ್ಕಿತು. ಫೈಲು ಚೊಕ್ಕ ಆದಾಗ ಆಗುವ ಸಮಾಧಾನ ಅದು. ಒಳಗೆ ಏನಿದೆ ಅನ್ನುವುದು ಆಗ ನೆನಪಿರುವುದಿಲ್ಲ. ಆರ್ವೆಲ್ ಬರ್ಮಾದಲ್ಲಿ ಐದು ವರ್ಷ ಬ್ರಿಟಿಷರ ಪೊಲೀಸ್ ಅಧಿಕಾರಿಯಾಗಿದ್ದವನು, ಆಮೇಲೆ ಬಿಬಿಸಿಯಲ್ಲಿ ಕೂತು ಭಾರತಕ್ಕೆ ಪ್ರಸಾರ ಮಾಡಿದವನು. ಮೇಜಿನ ಈ ಕಡೆಯಿಂದ ನೋಡಿದ್ದಾನೆ.

ಮಾಷ್ಟ್ರು ‘ಮದ್ದು’ ನಾವೇ ಇಟ್ಟ ಪದ ಅಂದರಲ್ಲ. ಹಾಗೆ ನೋಡಿದರೆ ಪೊಲೀಸರು ಎಷ್ಟಿದ್ದಾರೆ ಅನ್ನುವ ನನ್ನ ಮೊದಲ ಪ್ರಶ್ನೆಯೇ ತಪ್ಪು. ಗುಮಾಸ್ತರು ಎಷ್ಟಿದ್ದಾರೆ ಅಂತ ಕೇಳಬೇಕಿತ್ತು.

ನಿವೃತ್ತ ಮಾಷ್ಟ್ರು (ರಾತ್ರಿ 9:00)

ಗುಮಾಸ್ತರ ಮಾತು ಬಂದದ್ದು ಒಳ್ಳೆಯದಾಯಿತು. ನಿನ್ನೆಯಿಂದ ಬಾಯಿ ತುದಿಯಲ್ಲಿ ಒಂದು ಕತೆ ಇದೆ.

ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರ ಜೂನ್ 25. ತುರ್ತುಪರಿಸ್ಥಿತಿ ಬಂದದ್ದು 1975ರ ಜೂನ್ 25. ಕಾಕತಾಳೀಯ, ಆದರೆ ನಾನು ಪ್ರತಿ ವರ್ಷ ಎರಡನ್ನೂ ಒಟ್ಟಿಗೇ ನೆನೆಯುತ್ತೇನೆ. ಆಗ ನನಗೆ 21. ಮಾತು ಕಡಿಮೆ, ಕೆಲಸ ಜಾಸ್ತಿ ಅಂತ ಗೋಡೆಯಲ್ಲಿ ಬರೆಯುತ್ತಿದ್ದ ಕಾಲ. ಬಸ್ಸು ಸರಿಯಾದ ಹೊತ್ತಿಗೆ ಬರುತ್ತದೆ ಅಂತ ನಮ್ಮ ಅಪ್ಪನೂ ಹೊಗಳಿದ್ದರು.

1976ರ ಮಾರ್ಚ್ 1ರಂದು ಕೋಝಿಕ್ಕೋಡಿನ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಅನ್ನುವ ವಿದ್ಯಾರ್ಥಿಯನ್ನು ಪೊಲೀಸರು ಕೊಂಡುಹೋದರು. ಮತ್ತೆ ಬರಲಿಲ್ಲ. ತಂದೆ ಈಚರ ವಾರಿಯರ್, ಹಿಂದಿ ಪ್ರೊಫೆಸರು, ಕಚೇರಿಯಿಂದ ಕಚೇರಿಗೆ ಅಲೆದರು. 1977ರಲ್ಲಿ ಹೈಕೋರ್ಟಿಗೆ ಹೋದರು. ನಾವು ಹಿಡಿದೇ ಇಲ್ಲ ಅಂತ ಸರಕಾರ ಕೋರ್ಟಿನಲ್ಲಿ ಹೇಳಿತು. ಆಮೇಲೆ ಒಪ್ಪಿಕೊಳ್ಳಬೇಕಾಯಿತು. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಹುಡುಗನ ಹೆಣ ಸಿಗಲೇ ಇಲ್ಲ. ಪಟ್ಟಿ ಒಂದು ಹೆಸರಿನಷ್ಟು ಗಿಡ್ಡ ಆಯಿತು ಅಂತ ನಾನು ನಿನ್ನೆ ಬರೆದಾಗ ಕಣ್ಣೆದುರು ಇದ್ದದ್ದು ಸೈಮ್ ಅಲ್ಲ.

ಇನ್ನು ಆ ಕತೆ. ಸೋಗೆಮಾಡು ನಮ್ಮ ರಿಜಿಸ್ಟರಿಗೆ ತಮಾಷೆ ಮಾಡಿದರು. ಆಗಿನ ಲೈಬ್ರೇರಿಯನ್ ತುಂಬ ಶಿಸ್ತಿನ ಮನುಷ್ಯ. ಪುಸ್ತಕ ಕೊಟ್ಟರೆ ಬರೆಯದೆ ಬಿಡುತ್ತಿರಲಿಲ್ಲ. ಆರ್ವೆಲ್‌ನದೇ ಇನ್ನೊಂದು, ‘ಅನಿಮಲ್ ಫಾರ್ಮ್’, 1945ರದ್ದು, ಸಣ್ಣ ಪುಸ್ತಕ, ಯಾರೋ ಮಂಗಳೂರಿನಿಂದ ತಂದು ಕೊಟ್ಟಿದ್ದರು. ಅದರಲ್ಲಿ ಫಾರ್ಮನ್ನು ಆಳುವ ಹಂದಿಗಳು ಕೋಳಿಗಳ ಮೊಟ್ಟೆಗೆ ಕೈ ಹಾಕಿದಾಗ ಎದುರು ನಿಲ್ಲುವುದು ಕೋಳಿಗಳು. ಮಾಡಿನ ತೊಲೆಯ ಮೇಲೆ ಹತ್ತಿ ಕೂತು, ಅಲ್ಲಿಂದಲೇ ಮೊಟ್ಟೆ ಇಟ್ಟು ಕೆಳಗೆ ಒಡೆಯಲು ಬಿಡುತ್ತವೆ. ಅವಕ್ಕೆ ಕಾಳು ನಿಲ್ಲಿಸುತ್ತಾರೆ. ಐದು ದಿನ ತಡೆಯುತ್ತವೆ, ಒಂಬತ್ತು ಸಾಯುತ್ತವೆ. ರೋಗ ಬಂದು ಸತ್ತವು ಅಂತ ಸುದ್ದಿ ಹಬ್ಬಿಸುತ್ತಾರೆ.

ಆ ಪುಸ್ತಕಕ್ಕೆ ನಿಷೇಧ ಅಂತ ಏನೂ ಇರಲಿಲ್ಲ. ಆದರೂ ಹೆದರಿಕೆ. ಗುಡ್ಡೆಮನೆಯವರೇ, ಕೀ ನಿಮ್ಮ ಹತ್ತಿರ ಇದೆಯಲ್ಲ. 1976ರ ರಿಜಿಸ್ಟರ್ ತೆಗೆದು, ಮಳೆಗಾಲದ ತಿಂಗಳುಗಳನ್ನು ನೋಡಿ. ಹೆಚ್ಚು ಹೇಳುವುದಿಲ್ಲ.

ಗುಡ್ಡೆಮನೆ (ಮಂಗಳವಾರ, ಸಂಜೆ 6:40)

ನೋಡಿದೆ. ಗೆದ್ದಲು ಒಂದು ಮೂಲೆ ತಿಂದಿದೆ, ಉಳಿದದ್ದು ಓದಲು ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್. ‘ಅನಿಮಲ್ ಫಾರ್ಮ್’ ಒಮ್ಮೆಯೂ ಇಲ್ಲ. ‘ಕೋಳಿ ಸಾಕಣೆ’ 14 ಸಲ ಹೋಗಿದೆ.

ಕಪಾಟಿನಲ್ಲಿ ಹುಡುಕಿದೆ. ‘ಕೋಳಿ ಸಾಕಣೆ’ ಇದೆ, ಕೃಷಿ ವಿಭಾಗದಲ್ಲಿ, ಹಿಂದಿನ ಸಾಲಿನಲ್ಲಿ. ಹಳೆಯ ಕಾಲದ ಹಾಗೆ ನೂಲಿನಲ್ಲಿ ಹೊಲಿದ ಪುಸ್ತಕ. ಹಾಳೆಗಳು ಅಂಚಿನಲ್ಲಿ ಜೋಡಿಜೋಡಿಯಾಗಿ ಅಂಟಿಕೊಂಡೇ ಇವೆ. ಯಾರೂ ಬಿಡಿಸಿಯೇ ಇಲ್ಲ.

14ರಲ್ಲಿ ಎರಡು ಸಹಿ ನಿಮ್ಮದು ಮಾಷ್ಟ್ರೇ. ನಿಮ್ಮ ಮನೆಯಲ್ಲಿ ಕೋಳಿ ಇತ್ತಾ?

ನಿವೃತ್ತ ಮಾಷ್ಟ್ರು (ಸಂಜೆ 6:52)

ಮೊಟ್ಟೆ ಚಿತ್ರ ಇದ್ದ ಕ್ಯಾಲೆಂಡರನ್ನೂ ಅಮ್ಮ ಒಳಗೆ ತೂಗಲು ಬಿಟ್ಟವರಲ್ಲ.